ಲೈಂಗಿಕ ವೃತ್ತಿಗೆ ಹೆಣ್ಣುಮಕ್ಕಳು ಯಾಕೆ ಬರುತ್ತಾರೆ? ಕಾನೂನುಬದ್ಧ ಮಾಡಿದರೆ ಅವರಿಗೆ ಸಿಗುವುದೇನು? ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಮಾತಾಡಿ

ಕೃಷ್ಣಾತೀರ, ಜಮಖಂಡಿ:

ಲಾಡ್ಜ್ ಮೇಲೆ ರೇಡ್ ಆಯಿತು ಅಂತ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ ಎರಡೇ ಮಾತು ಕೇಳಿಬರುತ್ತವೆ. "ಇಂಥವರನ್ನ ಊರು ಬಿಡಿಸಬೇಕು" ಅನ್ನುವುದು ಒಂದು. "ಲೈಸೆನ್ಸ್ ಕೊಟ್ಟುಬಿಡಲಿ, ಪೀಡೆ ತಪ್ಪುತ್ತದೆ" ಅನ್ನುವುದು ಇನ್ನೊಂದು. ಆ ಹೆಣ್ಣುಮಕ್ಕಳು ಏನು ಹೇಳುತ್ತಾರೆ ಅಂತ ಕೇಳುವವರು ಬಹಳ ಕಮ್ಮಿ. ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಎಚ್‌ಐವಿ ತಡೆ ಯೋಜನೆಯೊಂದರಲ್ಲಿ ಹಲವು ವರ್ಷ ಕೆಲಸ ಮಾಡಿದವಳು. ಮುಧೋಳ, ಜಮಖಂಡಿ, ಬೀಳಗಿ ಕಡೆ ಹಳ್ಳಿ ಹಳ್ಳಿ ತಿರುಗಿದ್ದೇನೆ. ಕಂಡಿದ್ದನ್ನು ಮೊದಲು ಹೇಳುತ್ತೇನೆ, ಆಮೇಲೆ ನೀವು ಹೇಳಿ.

ನಮ್ಮ ಜಿಲ್ಲೆಗಳಲ್ಲಿ ಈ ಕೆಲಸಕ್ಕೆ ಒಂದು ಹಳೆಯ ದಾರಿ ಇದೆ. ಮುತ್ತು ಕಟ್ಟುವುದು, ಅಂದರೆ ದೇವದಾಸಿ ಬಿಡುವುದು. ಮನೆಯಲ್ಲಿ ಗಂಡು ಮಗ ಇಲ್ಲ, ಮುಪ್ಪಿನ ಕಾಲಕ್ಕೆ ದುಡಿದು ಹಾಕುವವರು ಬೇಕು. ಇಲ್ಲವೇ ಹುಡುಗಿಯ ತಲೆಯಲ್ಲಿ ಜಡೆಗಟ್ಟಿತು. ಇಲ್ಲವೇ ತಾಯಿಯೂ ಮುತ್ತು ಕಟ್ಟಿಸಿಕೊಂಡವಳೇ. ಹುಡುಗಿಯನ್ನು ಎಲ್ಲಮ್ಮನ ಹೆಸರಿಗೆ ಬಿಟ್ಟರು. ಬಹುಪಾಲು ದಲಿತ ಕೇರಿಯ ಮಕ್ಕಳು. ದೊಡ್ಡವಳಾದ ಮೇಲೆ ಊರಿನ ಉಳ್ಳವನೊಬ್ಬ ಇಟ್ಟುಕೊಂಡ. ಅವನು ಕೈಬಿಟ್ಟ ಮೇಲೆ ಮೀರಜ್, ಸಾಂಗ್ಲಿ, ಪುಣೆ, ಮುಂಬೈ. ಮುತ್ತು ಕಟ್ಟಿಸಿಕೊಂಡವರೆಲ್ಲ ಈ ಕೆಲಸಕ್ಕೆ ಹೋಗಲಿಲ್ಲ, ಅದನ್ನೂ ಹೇಳಬೇಕು. ಒಬ್ಬನ ಜೊತೆಗೇ ಬಾಳಿದವರು, ಹೊಲದಲ್ಲಿ ದುಡಿದು ಮಕ್ಕಳನ್ನು ಸಾಕಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮದುವೆ ಇಲ್ಲ, ಜಮೀನಿಲ್ಲ, ಓದಿಲ್ಲ ಅಂದಮೇಲೆ ಉಳಿದ ದಾರಿ ಬಹಳ ಇರಲಿಲ್ಲ.

ಇದನ್ನು ನಿಷೇಧಿಸಿ ರಾಜ್ಯದಲ್ಲಿ 1982ರಲ್ಲೇ ಕಾನೂನು ಆಯಿತು. ಆದರೂ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ಒಟ್ಟು 46 ಸಾವಿರಕ್ಕೂ ಹೆಚ್ಚು ದೇವದಾಸಿ ಮಹಿಳೆಯರ ಹೆಸರು ದಾಖಲಾಯಿತು. ಅವರಲ್ಲಿ ಬಹಳ ಜನ ಉತ್ತರ ಕರ್ನಾಟಕದವರೇ.

ಈಗಿನ ಕಡಿಮೆ ವಯಸ್ಸಿನವರ ಕತೆ ಬೇರೆ. ಗಂಡ ಕುಡಿದು ಸತ್ತ ಅಥವಾ ಬಿಟ್ಟು ಹೋದ. ತವರಿಗೆ ಹೋದರೆ ಅಣ್ಣ ತಮ್ಮಂದಿರಿಗೆ ಭಾರ. ಸಂಘದ ಸಾಲ, ಫೈನಾನ್ಸ್ ಸಾಲ. ಕಂತಿನ ದಿನ ಬಾಗಿಲಲ್ಲಿ ಬಂದು ಕೂರುವವರು. ಮಗುವಿಗೆ ಕಾಯಿಲೆ. ಯಾರೂ ನನ್ನ ಹತ್ತಿರ ಒಂದೇ ಕಾರಣ ಹೇಳಿದ್ದಿಲ್ಲ. ಬಹಳ ಜನ ಮೊದಲು ಬೇರೆ ಕೆಲಸ ಮಾಡಿಯೇ ಬಂದವರು. ಕಳೆ ತೆಗೆಯಲು ಹೋಗಿದ್ದರು, ಗಾರೆ ಕೆಲಸಕ್ಕೆ ಹೋಗಿದ್ದರು, ಕಬ್ಬಿನ ಗ್ಯಾಂಗ್ ಜೊತೆ ಹೋಗಿದ್ದರು. ಗಂಡಾಳಿಗೆ ಕೊಡುವ ಕೂಲಿಯಲ್ಲಿ ಅರ್ಧದಷ್ಟು ಇವರಿಗೆ. ಅದರ ಮೇಲೆ ಅಲ್ಲಿಯೂ ಮೇಸ್ತ್ರಿಯೋ ಮಾಲಕನೋ ಮೈಮೇಲೆ ಬರುವುದು ತಪ್ಪಲಿಲ್ಲ. ಅಲ್ಲಿ ಪುಕ್ಕಟೆ ಸಹಿಸಬೇಕಿತ್ತು, ಇಲ್ಲಿ ರೊಕ್ಕವಾದರೂ ಕೈಗೆ ಬರುತ್ತದೆ ಅಂತ ಹೇಳಿದವರು ಒಬ್ಬಿಬ್ಬರಲ್ಲ. 2011ರಲ್ಲಿ 14 ರಾಜ್ಯಗಳ ಸುಮಾರು 3,000 ಹೆಣ್ಣುಮಕ್ಕಳನ್ನು ಮಾತಾಡಿಸಿ ಒಂದು ದೊಡ್ಡ ಅಧ್ಯಯನ ಬಂತು. ಅದರಲ್ಲೂ ಇದೇ ಕಂಡಿತ್ತು. ಬಹಳ ಜನ ಮನೆಗೆಲಸ, ಕೃಷಿ ಕೂಲಿ ಮಾಡಿ, ಅಲ್ಲಿ ಹೊಟ್ಟೆ ತುಂಬದೆ ಈ ಕಡೆ ಬಂದವರು.

ಹಾಗಾದರೆ ಕಾನೂನುಬದ್ಧ ಮಾಡಬೇಕಾ, ಬೇಡವಾ? ದಯವಿಟ್ಟು ಯಾರೂ ಬೈಗುಳ ಬಳಸಬೇಡಿ. ಇದನ್ನು ಓದುವವರಲ್ಲಿ ಅವರೂ, ಅವರ ಮಕ್ಕಳೂ ಇರುತ್ತಾರೆ.

ನಿವೃತ್ತ ಮಾಸ್ತರ್, ಸವದತ್ತಿ ತಾಲ್ಲೂಕು:

ಅಕ್ಕಾವ್ರೆ, ನಿಮ್ಮ ಕೆಲಸಕ್ಕೆ ನಮಸ್ಕಾರ. ಆದರೆ ಕಾನೂನುಬದ್ಧ ಅನ್ನುವ ಮಾತು ಕೇಳಿದರೆ ನನ್ನ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ನಾನು ಕನ್ನಡ ಸಾಲೆಯಲ್ಲಿ ಪಾಠ ಹೇಳಿದವನು. ನಮ್ಮ ಕಾಲದಲ್ಲಿ ಭರತ ಹುಣ್ಣಿಮೆ ಮುಗಿದ ಮೇಲೆ ಹಾಜರಿ ಪುಸ್ತಕದಲ್ಲಿ ಒಂದೆರಡು ಹೆಣ್ಣುಮಕ್ಕಳ ಹೆಸರು ಖಾಲಿ ಇರುತ್ತಿತ್ತು. ಕೇಳಿದರೆ ಸಂಬಂಧಿಕರ ಊರಿಗೆ ಹೋಗಿದ್ದಾಳೆ ಅನ್ನುತ್ತಿದ್ದರು. ಐದನೇ ಇಯತ್ತೆ, ಆರನೇ ಇಯತ್ತೆ ಮಕ್ಕಳು. ಅವರಿಗೆ ಯಾವ ಆಯ್ಕೆ ಇತ್ತು? ಯಾರು ಕೇಳಿದ್ದರು ಅವರನ್ನ?

ಈಗ ಸರ್ಕಾರವೇ ಇದೂ ಒಂದು ಉದ್ಯೋಗ ಅಂತ ಸಿಕ್ಕಾ ಹೊಡೆದರೆ, ಅಂದು ಆ ಮಕ್ಕಳನ್ನು ಕಳಿಸಿದವರಿಗೆ ಸಮಾಧಾನ ಸಿಗುತ್ತದೆ. ನಾಳೆ ಬಡವರ ಮನೆಯಲ್ಲಿ ಹುಡುಗಿಗೆ ಹದಿನೆಂಟು ತುಂಬುವುದನ್ನೇ ಕಾಯುವ ದಲಾಲಿಗಳು ಹುಟ್ಟುತ್ತಾರೆ. ಗಿರಾಕಿಗೆ ನಾಚಿಕೆ ಅನ್ನುವುದು ಸ್ವಲ್ಪವಾದರೂ ಇದೆ, ಅದೂ ಹೋಗುತ್ತದೆ. ಆ ಹೆಣ್ಣುಮಕ್ಕಳ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಸಿಟ್ಟು ಇರುವುದು ಇದರಿಂದ ದುಡ್ಡು ಮಾಡುವವರ ಮೇಲೆ.

ವಕೀಲ, ಗೋಕಾಕ:

ಮಾಸ್ತರ್ ಹೇಳಿದ್ದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಈಗ ಇರುವ ಕಾನೂನು ಏನು ಅಂತ ನೋಡೋಣ. ಇದು ಪೂರ್ತಿ ಅಪರಾಧ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ.

1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಪ್ರಕಾರ, ವಯಸ್ಸಿಗೆ ಬಂದ ಹೆಣ್ಣುಮಗಳು ತನ್ನ ಇಚ್ಛೆಯಿಂದ ಹಣ ಪಡೆದು ಸಂಬಂಧ ಇಟ್ಟುಕೊಂಡರೆ ಅದಷ್ಟೇ ಅಪರಾಧ ಅಲ್ಲ. ಅದರ ಸುತ್ತಲಿನ ಎಲ್ಲವೂ ಅಪರಾಧ. 3ನೇ ಕಲಂ, ವೇಶ್ಯಾಗೃಹ ನಡೆಸುವುದು. 5ನೇ ಕಲಂ, ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ತರುವುದು. ಇವು ಇರಲೇಬೇಕು. ಆದರೆ ಉಳಿದದ್ದನ್ನು ನೋಡಿ.

ವೇಶ್ಯಾಗೃಹ ಅಂದರೆ ದೊಡ್ಡ ಕೋಠಿಯೇ ಆಗಬೇಕಿಲ್ಲ. ಇಬ್ಬರು ಹೆಣ್ಣುಮಕ್ಕಳು ತಮ್ಮ ಸುರಕ್ಷತೆಗೆ ಅಂತ ಒಂದೇ ಮನೆಯಲ್ಲಿ ಈ ಕೆಲಸ ಮಾಡಿದರೂ ಅದು ವೇಶ್ಯಾಗೃಹವೇ. 4ನೇ ಕಲಂ, ಅವಳ ದುಡಿಮೆಯ ಮೇಲೆ ಬದುಕುವ ಹದಿನೆಂಟು ತುಂಬಿದವರೆಲ್ಲ ತಪ್ಪಿತಸ್ಥರು. ಇದು ದಲಾಲಿಗೆ ಅಂತ ಮಾಡಿದ ಕಲಂ. ಆದರೆ ಡಿಗ್ರಿ ಓದುವ ಮಗನೂ, ಮುದುಕಿ ತಾಯಿಯೂ ಇದರೊಳಗೆ ಬರುತ್ತಾರೆ. 7ನೇ ಕಲಂ, ಗುಡಿ, ಸಾಲೆ, ಆಸ್ಪತ್ರೆಯಿಂದ 200 ಮೀಟರ್ ಒಳಗೆ ಮಾಡುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಯಾವುದಾದರೂ ಗುಡಿಯಿಂದ 200 ಮೀಟರ್ ಆಚೆ ಇರುವ ಮನೆ ಎಷ್ಟಿವೆ? 8ನೇ ಕಲಂ, ಸಾರ್ವಜನಿಕ ಜಾಗದಲ್ಲಿ ಗಿರಾಕಿಯನ್ನು ಕರೆಯುವುದು. ಮೊದಲ ಸಲ ಸಿಕ್ಕರೆ ಆರು ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ. ಬಸ್ ಸ್ಟ್ಯಾಂಡ್‌ನಲ್ಲಿ ಸುಮ್ನೆ ನಿಂತವಳ ಮೇಲೂ ಇದನ್ನು ಹಾಕಬಹುದು, ಹಾಕುತ್ತಾರೆ.

ಇನ್ನು ಗಿರಾಕಿ. ಬರೀ ಗಿರಾಕಿ ಅನ್ನುವ ಕಾರಣಕ್ಕೆ ಅವನ ಮೇಲೆ ಈ ಕಾಯ್ದೆಯಡಿ ಕೇಸ್ ನಿಲ್ಲುವುದಿಲ್ಲ ಅಂತ ನಮ್ಮ ಹೈಕೋರ್ಟ್ ಹಲವು ಸಲ ಹೇಳಿದೆ. ಅವನು ಮನೆಗೆ ಹೋಗುತ್ತಾನೆ, ಅವಳು ಕೋರ್ಟಿಗೆ ಅಲೆಯುತ್ತಾಳೆ.

ಭೀಮಾತೀರದ ಹುಡುಗ, ಇಂಡಿ:

ವಕೀಲ್ ಸಾಹೇಬ್ರೆ, ಇಷ್ಟು ಗೊಂದಲ ಇದ್ದರೆ ಸರ್ಕಾರ ನೇರವಾಗಿ ಲೈಸೆನ್ಸ್ ಕೊಟ್ಟು, ಒಂದು ಜಾಗ ಗೊತ್ತು ಮಾಡಿ, ತಿಂಗಳಿಗೊಮ್ಮೆ ಡಾಕ್ಟರ್ ಚೆಕಪ್ ಮಾಡಿಸಿದರೆ ಆಗಲ್ವಾ? ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿ ಹಾಗೇ ಇದೆ ಅಂತ ಓದಿದ್ದೇನೆ. ಅತ್ಯಾಚಾರವೂ ಕಮ್ಮಿ ಆಗುತ್ತದೆ ಅನ್ನುತ್ತಾರೆ.

ಕೃಷ್ಣಾತೀರ, ಜಮಖಂಡಿ:

ತಮ್ಮಾ, ನಿನ್ನ ಕೊನೆಯ ಮಾತು ಮೊದಲು. ಅತ್ಯಾಚಾರ ತಡೆಯಲು ಬಡವರ ಮನೆಯ ಹೆಣ್ಣುಮಕ್ಕಳನ್ನು ಮುಂದೆ ನಿಲ್ಲಿಸುವುದು ಅಂದರೆ ಏನರ್ಥ? ಈ ಅಕ್ಕಂದಿರ ಮೇಲೂ ಅತ್ಯಾಚಾರ ಆಗುತ್ತದೆ. ದೂರು ಕೊಡಲು ಹೋದರೆ ನಿನಗೆಂಥ ಅತ್ಯಾಚಾರ ಅಂತ ಕೇಳಿ ಹೊರಗೆ ಕಳಿಸಿದ್ದನ್ನು ನಾನೇ ಅವರ ಜೊತೆ ಹೋಗಿ ನೋಡಿದ್ದೇನೆ. ಆ ಮಾತನ್ನು ದಯವಿಟ್ಟು ಬಿಡು.

ಲೈಸೆನ್ಸ್ ವಿಷಯ ಯೋಚನೆ ಮಾಡಬೇಕಾದ್ದೇ. ಲೈಸೆನ್ಸ್ ಅಂದರೆ ಹೆಸರು, ಫೋಟೋ, ವಿಳಾಸ ಒಂದು ರಿಜಿಸ್ಟರ್‌ನಲ್ಲಿ. ನಮ್ಮ ಕಡೆ ಈ ಕೆಲಸ ಮಾಡುವವರಲ್ಲಿ ಬಹಳ ಜನ ಕೋಠಿಯಲ್ಲಿ ಇಲ್ಲ. ಹಳ್ಳಿಯಲ್ಲಿ ಇದ್ದಾರೆ, ತಮ್ಮದೇ ಮನೆಯಲ್ಲಿ. ಹಗಲು ಹೊಲದ ಕೂಲಿ, ಆಗಾಗ ಫೋನ್ ಬಂದಾಗ ಈ ಕೆಲಸ. ಅತ್ತೆಗೆ ಗೊತ್ತಿಲ್ಲ, ಮಕ್ಕಳಿಗೆ ಗೊತ್ತಿಲ್ಲ. ಅಂಥವಳು ತಾಲ್ಲೂಕು ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತು ಲೈಸೆನ್ಸ್ ಮಾಡಿಸುತ್ತಾಳಾ? ಮಾಡಿಸದಿದ್ದರೆ ಅವಳು ಲೈಸೆನ್ಸ್ ಇಲ್ಲದವಳು. ಈಗಿರುವುದಕ್ಕಿಂತ ಜಾಸ್ತಿ ಅಪರಾಧಿ.

ಜರ್ಮನಿಯಲ್ಲಿ 2002ರಲ್ಲಿ ಕಾನೂನುಬದ್ಧ ಮಾಡಿದರು, 2017ರಿಂದ ನೋಂದಣಿ ಕಡ್ಡಾಯ ಮಾಡಿದರು. ಅಲ್ಲೂ ಬಹಳ ಜನ ನೋಂದಣಿಗೆ ಬರಲೇ ಇಲ್ಲ. ನೆದರ್‌ಲ್ಯಾಂಡ್ಸ್ 2000ರಲ್ಲಿ ವೇಶ್ಯಾಗೃಹಗಳ ಮೇಲಿನ ನಿಷೇಧ ತೆಗೆಯಿತು. ಅಲ್ಲಿ ಪರವಾನಗಿ ಸಿಗುವುದು ಜಾಗ ನಡೆಸುವವನಿಗೆ. ಹೀಗಾದರೆ ನಮ್ಮಲ್ಲಿ ಬಲ ಬರುವುದು ವೇಶ್ಯಾಗೃಹ ನಡೆಸುವ ಘರವಾಲಿಗೆ, ಲಾಡ್ಜ್ ಮಾಲಕನಿಗೆ. ಮಾಸ್ತರ್ ಹೆದರಿರುವುದು ಇದಕ್ಕೇ ಆಗಿದ್ದರೆ ಆ ಹೆದರಿಕೆ ನನಗೂ ಇದೆ.

ಕಡ್ಡಾಯ ಚೆಕಪ್ ಬಗ್ಗೆ ಒಂದೇ ಮಾತು. ಚೆಕಪ್ ಅವಳಿಗೆ, ರೋಗ ತರುವ ಗಿರಾಕಿಗೆ ಇಲ್ಲ.

ಕಾನೂನು ವಿದ್ಯಾರ್ಥಿನಿ, ಬೆಳಗಾವಿ:

ಇಲ್ಲಿ ಯಾರೂ ಹೇಳದ ಇನ್ನೊಂದು ದಾರಿ ಇದೆ. ಸ್ವೀಡನ್ 1999ರಲ್ಲಿ ಒಂದು ಕಾನೂನು ಮಾಡಿತು. ಮಾರುವವಳಿಗೆ ಶಿಕ್ಷೆ ಇಲ್ಲ, ಕೊಳ್ಳುವವನಿಗೆ ಶಿಕ್ಷೆ. ನಾರ್ವೆ 2009ರಲ್ಲಿ, ಫ್ರಾನ್ಸ್ 2016ರಲ್ಲಿ ಇದೇ ದಾರಿ ಹಿಡಿದವು. ಮಾಸ್ತರ್ ಹೇಳಿದ ಸಿಟ್ಟು ಯಾರ ಮೇಲೆ ಇರಬೇಕೋ ಅವರ ಮೇಲೇ ಹೋಗುತ್ತದೆ. ಗಿರಾಕಿ ಇಲ್ಲದಿದ್ದರೆ ದಲಾಲಿಯೂ ಇಲ್ಲ, ಮುಂಬೈಗೆ ಹುಡುಗಿಯರನ್ನು ಸಾಗಿಸುವುದೂ ಇಲ್ಲ ಅಲ್ವಾ?

ಆಯ್ಕೆ ಅನ್ನುವ ಮಾತು ನನಗೆ ಕಷ್ಟ ಕೊಡುತ್ತದೆ. ಓದಿಸದೆ, ಜಮೀನಿನಲ್ಲಿ ಪಾಲು ಕೊಡದೆ, ಕೂಲಿ ಅರ್ಧ ಕೊಟ್ಟು, ಸಾಲದಲ್ಲಿ ಮುಳುಗಿಸಿ, ಆಮೇಲೆ "ಅವಳೇ ಒಪ್ಪಿ ಬಂದಳು" ಅಂದರೆ ಅದು ಒಪ್ಪಿಗೆಯಾ? ಜಾತಿ ನೋಡಿ. ಮೇಲ್ಜಾತಿಯ ಮನೆಯಿಂದ ಎಷ್ಟು ಜನರಿಗೆ ಮುತ್ತು ಕಟ್ಟಿದರು?

ಹೆಸರು ಬೇಡ, ಅಥಣಿ ಕಡೆಯವಳು:

ನನಗೆ ಬರೆಯಲು ಸರಿಯಾಗಿ ಬರುವುದಿಲ್ಲ. ಮೊಬೈಲ್‌ಗೆ ಮಾತಾಡಿ ಬರೆಸುತ್ತಿದ್ದೇನೆ, ತಪ್ಪಿದ್ದರೆ ಸಂಘದ ಅಕ್ಕ ತಿದ್ದಿಕೊಟ್ಟಿದ್ದಾಳೆ. ನಾನು ಈ ಕೆಲಸ ಮಾಡಿದವಳು. ಈಗಲೂ ಆಗಾಗ ಮಾಡುತ್ತೇನೆ.

ಮಾಸ್ತರ್ರೆ, ನೀವು ಹೇಳಿದ ಆ ಖಾಲಿ ಹೆಸರಿನ ಹುಡುಗಿ ನಾನೇ ಅಂತ ತಿಳಿಯಿರಿ. ನನಗೆ ಸಣ್ಣವಳಿದ್ದಾಗ ಮುತ್ತು ಕಟ್ಟಿದರು. ಹೊಸ ಸೀರೆ ಕೊಟ್ಟರು, ಹೋಳಿಗೆ ಮಾಡಿದ್ದರು, ನನಗೆ ಖುಷಿಯೇ ಆಗಿತ್ತು. ಏನು ಅಂತ ಗೊತ್ತಾಗಿದ್ದು ಆಮೇಲೆ. ಅದಕ್ಕೆ ಯಾರನ್ನು ಜೈಲಿಗೆ ಹಾಕಿದರೂ ನಾನು ಬೇಡ ಅನ್ನುವುದಿಲ್ಲ. ಸಣ್ಣ ಹುಡುಗಿಯರನ್ನು ಈ ಕೆಲಸಕ್ಕೆ ತಂದವರನ್ನು ನಾವೇ ಹಿಡಿದು ಪೊಲೀಸರಿಗೆ ಕೊಟ್ಟಿದ್ದೇವೆ.

ಆದರೆ ಅದು ಆಗಿನ ಮಾತು. ಈಗ ನನಗೆ ವಯಸ್ಸಾಗಿದೆ, ಇಬ್ಬರು ಮಕ್ಕಳಿದ್ದಾರೆ. ಈಗ ನಾನು ಮಾಡುವುದು ನಾನು ಲೆಕ್ಕ ಹಾಕಿ ಮಾಡುವುದು. ಮಗಳ ಕಾಲೇಜಿನ ಫೀ ಹೊಲದ ಕೂಲಿಯಲ್ಲಿ ಬರುವುದಿಲ್ಲ. ತಂಗಿ ಕೇಳಿದಳು, ಇದು ಒಪ್ಪಿಗೆಯಾ ಅಂತ. ತಂಗೀ, ಬಿಸಿಲಲ್ಲಿ ಕಬ್ಬು ಕಡಿಯುವವಳನ್ನು ನೀನು ಹಾಗೆ ಕೇಳುತ್ತೀಯಾ? ಅವಳೂ ಬೇರೆ ದಾರಿ ಇದ್ದರೆ ಕಡಿಯುತ್ತಿರಲಿಲ್ಲ. ಆದರೆ ಅವಳನ್ನು ಬಿಡಿಸಲು ಅಂತ ಹೇಳಿ ಯಾರೂ ಅವಳ ಕುಡುಗೋಲು ಕಸಿದುಕೊಂಡು ಜೀಪಿನಲ್ಲಿ ಹತ್ತಿಸುವುದಿಲ್ಲ.

ನನ್ನನ್ನು ಒಮ್ಮೆ ಬಿಡಿಸಿದರು. ಬಾಗಿಲು ಒದ್ದು ಬಂದರು. ಮುಖ ಮುಚ್ಚಿಕೊಳ್ಳಲು ಬಿಡಲಿಲ್ಲ, ಟಿವಿಯವರು ಜೊತೆಗೇ ಇದ್ದರು. ಆಮೇಲೆ ಒಂದು ನಿಲಯದಲ್ಲಿ ಇಟ್ಟರು. ಕೀಲಿ ಹೊರಗೆ. ಮಕ್ಕಳು ಅಕ್ಕನ ಮನೆಯಲ್ಲಿ ಅಳುತ್ತಿದ್ದರು. ಹೊಲಿಗೆ ಕಲಿಸಿದರು. ನನಗೆ ಹೊಲಿಗೆ ಮೊದಲೇ ಬರುತ್ತಿತ್ತು. ಬಿಡುಗಡೆ ಆಗುವಷ್ಟರಲ್ಲಿ ಬಾಡಿಗೆ ಮನೆಯವರು ಸಾಮಾನು ಹೊರಗೆ ಹಾಕಿದ್ದರು. ವಕೀಲರಿಗೆ ಕೊಡಲು ಬಡ್ಡಿಗೆ ಸಾಲ ತಂದೆ. ಆ ಸಾಲ ತೀರಿಸಲು ಮತ್ತೆ ಇದೇ ಕೆಲಸ ಮಾಡಿದೆ.

ಗಿರಾಕಿಗೆ ಶಿಕ್ಷೆ ಅನ್ನುತ್ತೀರಿ. ಕೆಲವರಿಗೆ ಕೊಡಲೇಬೇಕು. ಹೊಡೆಯುವವರು ಇದ್ದಾರೆ, ರೊಕ್ಕ ಕೊಡದೆ ಓಡುವವರು ಇದ್ದಾರೆ, ಒಬ್ಬ ಅಂತ ಹೇಳಿ ನಾಲ್ಕು ಜನ ಬರುವವರು ಇದ್ದಾರೆ. ಆದರೆ ಎಲ್ಲರಿಗೂ ಶಿಕ್ಷೆ ಅಂದರೆ ಒಳ್ಳೆಯವನು ಬರುವುದಿಲ್ಲ, ಹೆದರದವನು ಬರುತ್ತಾನೆ. ಪೊಲೀಸ್ ಭಯಕ್ಕೆ ಕಬ್ಬಿನ ಗದ್ದೆಗೆ ಬಾ, ಕಾಲುವೆ ಹತ್ತಿರ ಬಾ ಅನ್ನುತ್ತಾನೆ. ಅಲ್ಲಿ ನಾನು ಕೂಗಿದರೆ ಯಾರಿಗೆ ಕೇಳುತ್ತದೆ?

ಲೈಸೆನ್ಸ್ ನನಗೆ ಬೇಡ. ಮಗಳಿಗೆ ಗಂಡು ನೋಡುವಾಗ ಯಾರೋ ಆ ಲೈಸೆನ್ಸ್ ಫೋಟೋ ಕಳಿಸುತ್ತಾರೆ.

ನನ್ನ ಮಗಳು ಈ ಕೆಲಸಕ್ಕೆ ಬರಬಾರದು. ನಾನು ಮಾಡಿದ್ದಕ್ಕೆ ನನ್ನನ್ನು ಹಿಡಿಯಲೂಬಾರದು. ಎರಡೂ ಬೇಕು ನನಗೆ.

ನಿವೃತ್ತ ಮಾಸ್ತರ್, ಸವದತ್ತಿ ತಾಲ್ಲೂಕು:

ತಂಗೀ, ನಿನ್ನ ಮಾತನ್ನು ಎರಡು ಸಲ ಓದಿದೆ. ನಿನ್ನನ್ನು ಹಿಡಿಯಬೇಕು ಅಂತ ನಾನು ಯಾವತ್ತೂ ಹೇಳುವವನಲ್ಲ. ನಿನ್ನ ಮಗಳು ಓದುತ್ತಿದ್ದಾಳೆ ಅಂತ ಕೇಳಿ ಬಹಳ ಸಂತೋಷ ಆಯಿತು. ಆದರೆ ನನ್ನ ಪ್ರಶ್ನೆ ಹಾಗೇ ಇದೆ. ನಿನ್ನಂಥವಳ ಮೇಲಿನ ಕೇಸು ತೆಗೆಯುವ ನೆಪದಲ್ಲಿ ಘರವಾಲಿಯೂ ದಲಾಲಿಯೂ ತಪ್ಪಿಸಿಕೊಂಡರೆ? ಕಾನೂನು ಬರೆಯುವವರು ಆ ಗೆರೆಯನ್ನು ಎಲ್ಲಿ ಎಳೆಯುತ್ತಾರೆ? ಅದನ್ನು ಯಾರಾದರೂ ಹೇಳಿದರೆ ಮುಂದಿನ ಮಾತು.

ವಕೀಲ, ಗೋಕಾಕ:

ಅಕ್ಕಾವ್ರೆ, ನಿಮ್ಮ ಮೇಲೆ ಆದದ್ದರಲ್ಲಿ ಕೆಲವು ಈಗ ಆಗುವಂತಿಲ್ಲ, ಕನಿಷ್ಠ ಕಾಗದದ ಮೇಲೆ. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಆದೇಶ ಕೊಟ್ಟಿದೆ. ಕೋಲ್ಕತ್ತಾದಲ್ಲಿ 1999ರಲ್ಲಿ ಈ ವೃತ್ತಿಯ ಹೆಣ್ಣುಮಗಳೊಬ್ಬಳನ್ನು ಕೊಂದ ಕೇಸು ಅದು. ಕೊಂದವನ ಶಿಕ್ಷೆ ಖಾಯಂ ಮಾಡಿದ ಕೋರ್ಟ್ ಅಷ್ಟಕ್ಕೇ ನಿಲ್ಲಿಸದೆ, 2011ರಲ್ಲಿ ಒಂದು ಸಮಿತಿ ಮಾಡಿ ಇವರ ಬದುಕಿನ ಬಗ್ಗೆ ವರದಿ ಕೇಳಿತು. ಆ ಸಮಿತಿಯ ಶಿಫಾರಸುಗಳ ಮೇಲೆ ಬಂದದ್ದು 2022ರ ಆದೇಶ.

ಸಂವಿಧಾನದ 21ನೇ ವಿಧಿ ಕೊಡುವ ಗೌರವದ ಬದುಕು ಇವರಿಗೂ ಇದೆ. ವೇಶ್ಯಾಗೃಹದ ಮೇಲೆ ರೇಡ್ ಆದಾಗ ಇಚ್ಛೆಯಿಂದ ಈ ಕೆಲಸದಲ್ಲಿರುವ ವಯಸ್ಕ ಹೆಣ್ಣುಮಕ್ಕಳನ್ನು ಬಂಧಿಸುವುದಾಗಲಿ, ದಂಡ ಹಾಕುವುದಾಗಲಿ, ಕಿರುಕುಳ ಕೊಡುವುದಾಗಲಿ ಮಾಡಬಾರದು ಅಂತ ಸಮಿತಿ ಶಿಫಾರಸು ಮಾಡಿತ್ತು, ಆದರೆ ಕೇಂದ್ರ ಸರ್ಕಾರದ ತಕರಾರು ಇದ್ದುದರಿಂದ ಕೋರ್ಟ್ ಅದನ್ನು ಜಾರಿ ಮಾಡಿ ಅಂತ ಹೇಳಲಿಲ್ಲ. ಲೈಂಗಿಕ ದೌರ್ಜನ್ಯದ ದೂರು ಕೊಟ್ಟರೆ ಬೇರೆ ಹೆಣ್ಣುಮಕ್ಕಳಿಗೆ ಸಿಗುವ ಎಲ್ಲ ನೆರವೂ ಸಿಗಬೇಕು. ಮಾಧ್ಯಮದವರು ಗುರುತು ತೋರಿಸಬಾರದು. ಈ ವೃತ್ತಿಯಲ್ಲಿದ್ದಾಳೆ ಅನ್ನುವ ಒಂದೇ ಕಾರಣಕ್ಕೆ ತಾಯಿಯಿಂದ ಮಗುವನ್ನು ಬೇರೆ ಮಾಡಬಾರದು ಅನ್ನುವುದೂ ಶಿಫಾರಸಾಗಿಯೇ ಉಳಿಯಿತು. ಕಾಂಡೋಮ್ ಸಿಕ್ಕಿತು ಅಂತ ಅದನ್ನು ಅಪರಾಧದ ಸಾಕ್ಷಿ ಮಾಡಬಾರದು. ವಿಳಾಸದ ದಾಖಲೆ ಇಲ್ಲದಿದ್ದರೂ ಏಡ್ಸ್ ನಿಯಂತ್ರಣ ಸಂಸ್ಥೆಯ ಅಧಿಕಾರಿ ಪ್ರಮಾಣಪತ್ರ ಕೊಟ್ಟರೆ ಆಧಾರ್ ಕೊಡಬೇಕು, ಆಧಾರ್‌ನಲ್ಲಿ ವೃತ್ತಿಯ ಸುಳಿವೇ ಇರಬಾರದು.

ಮಾಸ್ತರ್ ಕೇಳಿದ ಗೆರೆಗೆ ಒಂದು ಉದಾಹರಣೆ ನ್ಯೂಜಿಲ್ಯಾಂಡ್. ಅಲ್ಲಿ 2003ರಲ್ಲಿ ವಯಸ್ಕ ಹೆಣ್ಣುಮಕ್ಕಳ ಮೇಲಿನ ಶಿಕ್ಷೆಯನ್ನೇ ತೆಗೆದರು. ನಾಲ್ಕು ಜನರವರೆಗೆ ಯಾರ ಯಜಮಾನಿಕೆಯೂ ಇಲ್ಲದೆ ಸೇರಿ ಒಂದು ಮನೆಯಲ್ಲಿ ಕೆಲಸ ಮಾಡಿದರೆ ಪರವಾನಗಿ ಬೇಕಿಲ್ಲ. ದೊಡ್ಡದಾಗಿ ನಡೆಸುವವನಿಗೆ ಪರವಾನಗಿ ಬೇಕು. ಬಲವಂತ ಮಾಡಿದರೆ, ಹದಿನೆಂಟರ ಒಳಗಿನವರನ್ನು ತಂದರೆ ಜೈಲು. ನಮ್ಮ 3ನೇ ಕಲಂ ಪ್ರಕಾರ ಇಬ್ಬರಿದ್ದರೇ ಅಪರಾಧ ಅಂತ ಮೊದಲೇ ಹೇಳಿದೆ. ಅವಳನ್ನು ಬಿಟ್ಟು ಬಲವಂತ ಮಾಡುವವನನ್ನು ಹಿಡಿಯುವ ಕಾನೂನು ಬರೆಯಲು ಬರುತ್ತದೆ ಮಾಸ್ತರ್ರೆ.

ಸಿಸ್ಟರ್, ನವನಗರ ಬಾಗಲಕೋಟೆ:

ಕಾಂಡೋಮ್ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಈಗಿನ ಹುಡುಗರಿಗೆ ನಮ್ಮ ಜಿಲ್ಲೆಯ ಆ ದಿನಗಳು ಗೊತ್ತಿಲ್ಲ. 2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಸಾಮಾನ್ಯ ಜನರ ರಕ್ತ ಪರೀಕ್ಷೆ ಮಾಡಿ ಒಂದು ಸಮೀಕ್ಷೆ ನಡೆಸಿದರು. ವಯಸ್ಕರಲ್ಲಿ ನೂರಕ್ಕೆ 2.9 ಜನರಿಗೆ ಎಚ್‌ಐವಿ ಇತ್ತು. ಪಟ್ಟಣಕ್ಕಿಂತ ಹಳ್ಳಿಯಲ್ಲೇ ಜಾಸ್ತಿ. ಕೆಲವು ಮನೆಗಳಲ್ಲಿ ಅಜ್ಜ ಅಜ್ಜಿ, ಮೊಮ್ಮಕ್ಕಳು ಮಾತ್ರ ಉಳಿದರು. ನಡುವಿನವರು ಹೋಗಿಬಿಟ್ಟರು.

ಆ ಪಿಡುಗನ್ನು ತಗ್ಗಿಸಿದ್ದು ಯಾರು? ಡಾಕ್ಟರು, ಔಷಧಿ, ಸರ್ಕಾರ ಎಲ್ಲವೂ ಸರಿ. ಆದರೆ ಮನೆ ಮನೆಗೆ ಹೋಗಿ ಕಾಂಡೋಮ್ ಕೊಟ್ಟವರು, ಗಿರಾಕಿಗೆ "ಇದಿಲ್ಲದೆ ಆಗಲ್ಲ" ಅಂದವರು, ಹೆದರಿದವರನ್ನು ಕೈಹಿಡಿದು ಟೆಸ್ಟಿಗೆ ಕರೆತಂದವರು ಇದೇ ವೃತ್ತಿಯ ಹೆಣ್ಣುಮಕ್ಕಳು. ತಾವೇ ಸಂಘ ಕಟ್ಟಿಕೊಂಡರು. ಅವರ ಚೀಲದಲ್ಲಿದ್ದ ಕಾಂಡೋಮ್ ತೋರಿಸಿ ಅವರನ್ನೇ ಠಾಣೆಗೆ ಕರೆದುಕೊಂಡು ಹೋಗಿದ್ದಾರೆ. ಇಡೀ ಜಿಲ್ಲೆಯ ಆರೋಗ್ಯ ಕಾಪಾಡಿದವರಿಗೆ ನಾವು ಕೊಟ್ಟ ಬಹುಮಾನ ಅದು. ನನಗೆ ಇದನ್ನು ಬರೆಯುವಾಗಲೂ ಸಿಟ್ಟು ಬರುತ್ತದೆ.

ಪೊಲೀಸ್ ಮನೆಯವ, ವಿಜಯಪುರ:

ನಮ್ಮ ತಂದೆ ಇಲಾಖೆಯಲ್ಲಿದ್ದರು. ಒಂದು ಮಾತು ಹೇಳಲೇಬೇಕು. ರೇಡ್ ಮಾಡಿ ಅಂತ ಒತ್ತಡ ಹಾಕುವವರು ಓಣಿಯ ಜನರೇ. ಅರ್ಜಿ ಕೊಡುತ್ತಾರೆ, ಮುಖಂಡರಿಂದ ಫೋನ್ ಮಾಡಿಸುತ್ತಾರೆ. ರೇಡ್‌ಗೆ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಇರಬೇಕು ಅಂತ ಕಾಯ್ದೆಯಲ್ಲೇ ಇದೆ. ಎಲ್ಲ ಠಾಣೆಯಲ್ಲೂ ಅಷ್ಟು ಜನ ಹೊತ್ತಿಗೆ ಸಿಗುವುದಿಲ್ಲ. ಆದದ್ದನ್ನು ಸರಿ ಅನ್ನುತ್ತಿಲ್ಲ. ತಿದ್ದಬೇಕಾದವರು ಠಾಣೆಯಲ್ಲಿ ಮಾತ್ರ ಇಲ್ಲ.

ಕಾನೂನು ವಿದ್ಯಾರ್ಥಿನಿ, ಬೆಳಗಾವಿ:

ಅಕ್ಕಾ, ಕಬ್ಬಿನ ಗದ್ದೆಯ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಗಿರಾಕಿಯೇ ಬೇರು ಅನ್ನುವ ನನ್ನ ನಂಬಿಕೆ ಹೋಗಿಲ್ಲ. ಆದರೆ ಠಾಣೆಗೆ ದೂರು ಕೊಡಲು ಹೋಗುವ ಧೈರ್ಯವೇ ನಿಮಗೆ ಇಲ್ಲದ ಊರಿನಲ್ಲಿ, ಕಾನೂನು ಯಾರ ಕೈಯಲ್ಲಿ ಯಾರ ಮೇಲೆ ಬೀಳುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ನಿಜವಾಗಿ ಕೇಳುತ್ತಿದ್ದೇನೆ, ಈಗ ನಿಮಗೆ ಮೊದಲು ಬೇಕಾದದ್ದು ಏನು?

ಹೆಸರು ಬೇಡ, ಅಥಣಿ ಕಡೆಯವಳು:

ಕಾಗದ ಬೇಕು ತಂಗಿ. ರೇಷನ್ ಕಾರ್ಡ್‌ನಲ್ಲಿ ನನ್ನ ಹೆಸರು ತವರಿನದರಲ್ಲೇ ಉಳಿದಿದೆ. ನಾನು ಯಜಮಾನಿ ಅಂತ ಬೇರೆ ಕಾರ್ಡ್ ಆಗದೆ ಗೃಹಲಕ್ಷ್ಮಿ ಬರುವುದಿಲ್ಲ. ಮುಂಬೈಯಿಂದ ಬಂದ ನನ್ನ ಗೆಳತಿಗೆ ಆಧಾರ್ ವಿಳಾಸವೇ ಅಲ್ಲಿನದು. ಕೊರೊನಾ ಬಂದಾಗ ಇದರಿಂದ ಎಷ್ಟು ಜನ ಹಸಿದಿದ್ದೆವು ಅಂತ ದೇವರಿಗೇ ಗೊತ್ತು. ಮಗನ ಸಾಲೆಯಲ್ಲಿ ತಂದೆಯ ಹೆಸರು ಕೇಳಿದರು. ಹೆಸರು ಗೊತ್ತಿದೆ. ಅವನು ಊರಿನ ದೊಡ್ಡ ಮನುಷ್ಯ, ಬರೆಸಬೇಡ ಅಂತ ಹೇಳಿ ಕಳಿಸಿದ. ಮಾಸ್ತರಣಿ ಎಲ್ಲರ ಎದುರಿಗೆ ಎರಡು ಸಲ ಕೇಳಿದಳು. ಮಗ ಮರುದಿನ ಸಾಲೆಗೆ ಹೋಗಲಿಲ್ಲ.

ಕೃಷ್ಣಾತೀರ, ಜಮಖಂಡಿ:

ಕೊರೊನಾ ಕಾಲದಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ, ಗುರುತಿನ ಚೀಟಿ ಕೇಳದೆ ಇವರಿಗೆ ರೇಷನ್ ಕೊಡಿ ಅಂತ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಬೇಕಾಯಿತು. ಹಸಿದವರಿಗೆ ಅಕ್ಕಿ ಕೊಡಿ ಅಂತ ದೇಶದ ದೊಡ್ಡ ಕೋರ್ಟು ಹೇಳಬೇಕಾಗಿ ಬಂತು.

ಇಷ್ಟು ಕೇಳಿದ ಮೇಲೆ ನನ್ನ ಅಭಿಪ್ರಾಯ ಬಿಚ್ಚಿ ಹೇಳುತ್ತೇನೆ. ಲೈಸೆನ್ಸ್ ನಮ್ಮ ಕಡೆಗೆ ಒಗ್ಗುವುದಿಲ್ಲ. ಅದು ಜಾಗ ಇರುವವನ ಕೈ ಬಲಪಡಿಸುತ್ತದೆ. ಆದರೆ 7 ಮತ್ತು 8ನೇ ಕಲಂಗಳು ಅವಳ ಮೇಲೆ ಬೀಳುವುದು ನಿಲ್ಲಬೇಕು. ದುಡಿಮೆಯ ಮೇಲೆ ಬದುಕುವವರು ಅನ್ನುವ ಕಲಂನಿಂದ ಮಕ್ಕಳನ್ನು, ತಾಯಿ ತಂದೆಯನ್ನು ಹೊರಗಿಡಬೇಕು. ಜೊತೆಗಿರುವ ಇಬ್ಬರು ಗೆಳತಿಯರನ್ನು ವೇಶ್ಯಾಗೃಹ ಅನ್ನಬಾರದು. ಮಕ್ಕಳನ್ನು ತರುವವನಿಗೆ, ಬಲವಂತ ಮಾಡುವವನಿಗೆ, ಮುತ್ತು ಕಟ್ಟಿಸುವವನಿಗೆ ಶಿಕ್ಷೆ ಇನ್ನೂ ಬಿಗಿ ಆಗಬೇಕು. ಮುತ್ತು ಕಟ್ಟಿದ್ದಕ್ಕೆ ಶಿಕ್ಷೆ ಆದವರನ್ನು ನಮ್ಮ ಊರುಗಳಲ್ಲಿ ಬೆರಳಲ್ಲಿ ಎಣಿಸಬಹುದು. 8ನೇ ಕಲಂನಲ್ಲಿ ದಂಡ ಕಟ್ಟಿದ ಹೆಣ್ಣುಮಕ್ಕಳು ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾರೆ.

ಇದನ್ನು ಹೊರಗಿನವರು ಬಂದು ಕಲಿಸಬೇಕಿಲ್ಲ. ಘಟಪ್ರಭಾದಲ್ಲಿ 1997ರಿಂದ ಮಾಸ್ ಸಂಸ್ಥೆಯನ್ನು ಮುತ್ತು ಕಟ್ಟಿಸಿಕೊಂಡ ತಾಯಂದಿರೇ ನಡೆಸುತ್ತಿದ್ದಾರೆ. ಹೊಸದಾಗಿ ಮುತ್ತು ಕಟ್ಟುವುದನ್ನು ಅವರೇ ಹೋಗಿ ನಿಲ್ಲಿಸಿದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಪಕ್ಕದ ಸಾಂಗ್ಲಿಯಲ್ಲಿ 1996ರಲ್ಲಿ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಅಂತ ಸಂಘ ಕಟ್ಟಿದವರಲ್ಲಿ ಕನ್ನಡ ಮಾತಾಡುವ ನಮ್ಮ ಕಡೆಯ ಹೆಣ್ಣುಮಕ್ಕಳು ಬಹಳ ಇದ್ದರು. ಒಂದು ಕಡೆಯವರು ಈ ದಾರಿಯನ್ನೇ ಮುಚ್ಚಬೇಕು ಅಂದರು. ಇನ್ನೊಂದು ಕಡೆಯವರು ದಾರಿಯಲ್ಲಿರುವ ನಮ್ಮನ್ನು ಹೊಡೆಯಬೇಡಿ ಅಂದರು. ನನ್ನ ಕಣ್ಣಿಗೆ ಇವರಿಬ್ಬರಲ್ಲಿ ಜಗಳ ಕಾಣುವುದಿಲ್ಲ.

ಭೀಮಾತೀರದ ಹುಡುಗ, ಇಂಡಿ:

ಅಕ್ಕಾ, ಅತ್ಯಾಚಾರದ ಬಗ್ಗೆ ನಾನು ಬರೆದದ್ದಕ್ಕೆ ನೀವು ಕೊಟ್ಟ ಉತ್ತರ ನನ್ನ ಗೆಳೆಯರ ಗುಂಪಿಗೂ ಕಳಿಸಿದೆ. ಅಲ್ಲಿ ಈಗ ಜೋರು ಚರ್ಚೆ. ಇನ್ನೊಂದು ಕೇಳಬೇಕಿತ್ತು. ಈ ಕೆಲಸ ಬಿಡಬೇಕು ಅನ್ನುವವರಿಗೆ ಏನಿದೆ?

ಸಿಸ್ಟರ್, ನವನಗರ ಬಾಗಲಕೋಟೆ:

ಇದೆ ತಮ್ಮಾ. ಮಹಿಳಾ ಅಭಿವೃದ್ಧಿ ನಿಗಮದಲ್ಲಿ ಚೇತನಾ ಯೋಜನೆ ಇದೆ, ಸಣ್ಣ ವ್ಯಾಪಾರಕ್ಕೆ ಸಹಾಯಧನ. ಎಚ್‌ಐವಿ ಇರುವ ಹೆಣ್ಣುಮಕ್ಕಳಿಗೆ ಧನಶ್ರೀ. ಸಮೀಕ್ಷೆಯಲ್ಲಿ ಹೆಸರಿರುವ ದೇವದಾಸಿ ತಾಯಂದಿರಿಗೆ ಮಾಸಾಶನ. ಹಣ ಬಹಳ ದೊಡ್ಡದಲ್ಲ. ಅದರಲ್ಲಿ ಎರಡು ಆಡು ಕಟ್ಟಿಕೊಂಡು, ಕಿರಾಣಿ ಇಟ್ಟುಕೊಂಡು ಗೆದ್ದವರು ಇದ್ದಾರೆ. ಇವಳ ಅಂಗಡಿಯಲ್ಲಿ ಕೊಳ್ಳಬಾರದು ಅಂತ ಓಣಿ ತೀರ್ಮಾನ ಮಾಡಿ ಸೋಲಿಸಿದ್ದೂ ಇದೆ.

ವಕೀಲ, ಗೋಕಾಕ:

ಅಥಣಿಯ ಅಕ್ಕಾವ್ರಿಗೆ. ಮಗನ ಸಾಲೆಯ ವಿಷಯ ಬಿಡಬೇಡಿ. ದೇವದಾಸಿ ತಾಯಂದಿರ ಮಕ್ಕಳು ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕು ಅನ್ನುವಂತಿಲ್ಲ ಅಂತ 2025ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ಕಾನೂನಿನಲ್ಲಿದೆ. ಮಗ ಬಯಸಿದರೆ ತಂದೆ ಯಾರು ಅಂತ ಸಾಬೀತು ಮಾಡಿಸಿ ಆಸ್ತಿಯಲ್ಲಿ ಪಾಲು ಕೇಳುವ ದಾರಿಯೂ ಅದರಲ್ಲಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ರೇಷನ್ ಕಾರ್ಡ್ ಬೇರೆ ಮಾಡಿಸುವ ಅರ್ಜಿ, ಸಾಲೆಗೆ ಕೊಡುವ ಪತ್ರ, ಎರಡನ್ನೂ ನಾನು ಬರೆದುಕೊಡುತ್ತೇನೆ. ರೊಕ್ಕ ಬೇಡ. ಸಂಘದ ಅಕ್ಕನ ಮೂಲಕ ಕಳಿಸಿ, ನಿಮ್ಮ ಹೆಸರು ಇಲ್ಲಿ ಯಾರಿಗೂ ಗೊತ್ತಾಗುವುದು ಬೇಡ.

ನಿವೃತ್ತ ಮಾಸ್ತರ್, ಸವದತ್ತಿ ತಾಲ್ಲೂಕು:

ಸಾಲೆಗೆ ಪತ್ರ ಒಯ್ಯುವ ದಿನ ನಾನೂ ಬರುತ್ತೇನೆ. ಅಥಣಿ ತಾಲ್ಲೂಕಿನಲ್ಲಿ ನನ್ನ ಹಳೆಯ ಸಹೋದ್ಯೋಗಿಗಳು ಇನ್ನೂ ಇದ್ದಾರೆ. ಎಲ್ಲರ ಎದುರಿಗೆ ಮಗುವನ್ನು ಹಾಗೆ ಕೇಳಬಾರದು ಅಂತ ಮುಖ್ಯ ಮಾಸ್ತರರಿಗೆ ನಾನು ಹೇಳುತ್ತೇನೆ.

ಹೆಸರು ಬೇಡ, ಅಥಣಿ ಕಡೆಯವಳು:

ಸೋಮವಾರ ಸಂಘದ ಅಕ್ಕನ ಹತ್ತಿರ ಕಾಗದ ಕೊಡುತ್ತೇನೆ. ತವರಿನ ರೇಷನ್ ಕಾರ್ಡಿನ ಜೆರಾಕ್ಸ್ ಸಾಕಾ, ಒರಿಜಿನಲ್ ಬೇಕಾ?

ವಕೀಲ, ಗೋಕಾಕ:

ಈಗ ಜೆರಾಕ್ಸ್ ಸಾಕು. ಮಗನ ಜನನ ಪ್ರಮಾಣಪತ್ರ ಇದ್ದರೆ ಅದನ್ನೂ ಇಡಿ.